ತಾನಾಗೇ ಮುಚ್ಚಿಕೊಳ್ಳುತ್ತೆ ಅಂದರು, ಯಾವಾಗ ಅಂತ ಬರೆದುಕೊಡಲಿಲ್ಲ: ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಆರೋಗ್ಯಾಧಿಕಾರಿಗಳೇ (ಚಿತ್ರದುರ್ಗ, ದಾವಣಗೆರೆ ಎರಡೂ ಕಡೆಯವರೇ),

ನಾನು ಅರ್ಜಿ ಬರೆಯುವವನು. ಚಿತ್ರದುರ್ಗದಲ್ಲಿ ಸರ್ಕಾರಿ ಆಫೀಸುಗಳ ಸಾಲಿನಲ್ಲೇ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಕಂಪ್ಯೂಟರ್, ಎರಡು ಪ್ರಿಂಟರ್ (ಅದರಲ್ಲಿ ಒಂದು ಯಾವಾಗಲೂ ಕೆಟ್ಟಿರುತ್ತೆ), ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಪಹಣಿ ತಿದ್ದುಪಡಿ, ವಿಧವಾ ವೇತನ, ರೇಷನ್ ಕಾರ್ಡಿಗೆ ಹೆಸರು ಸೇರಿಸೋದು, ಟಿ.ಸಿ. ಸುಟ್ಟು ಬೋರು ನಿಂತಿದೆ ಅನ್ನೋದು, ಹದಿನಾರು ವರ್ಷದಿಂದ ಇದೇ ಕೆಲಸ. 'ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅಂತ ನಿದ್ದೆಯಲ್ಲೂ ಟೈಪ್ ಮಾಡಬಲ್ಲೆ. ಇವತ್ತು ಅದೆಲ್ಲ ಬೇಡ. ಇದು ನನ್ನ ಮಗಳ ವಿಷಯ, ಅವಳ ಹೃದಯದಲ್ಲಿದ್ದ ಒಂದು ತೂತಿನ ವಿಷಯ.

ನೀವು ಸಾರೋ ಮೇಡಮ್ಮೋ ಗೊತ್ತಿಲ್ಲ. ಇದು ನಿಮ್ಮ ಟೇಬಲ್ ಮೇಲೆ ಬರೋ ಹೊತ್ತಿಗೆ ಆ ಕುರ್ಚಿಯಲ್ಲಿ ಯಾರಿರುತ್ತಾರೋ ಅದೂ ಗೊತ್ತಿಲ್ಲ, ವರ್ಗಾವಣೆ ಅಷ್ಟು ಬೇಗ ಆಗುತ್ತೆ. ಹಾಗಾಗಿ ಕುರ್ಚಿಗೇ ಬರೆಯುತ್ತಿದ್ದಾನೆ ಅಂದುಕೊಳ್ಳಿ.

ಮಗಳಿಗೆ ಈಗ ಒಂಬತ್ತು ತುಂಬಿದೆ. ನಾಲ್ಕು ತಿಂಗಳ ಮಗು ಇದ್ದಾಗ ನೆಗಡಿ ಕೆಮ್ಮು ಅಂತ ಒಂದು ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಹೋಗಿದ್ದೆವು. ಅಲ್ಲಿನ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಸ್ವಲ್ಪ ಹೊತ್ತು ಜಾಸ್ತಿಯೇ ಕೇಳಿದರು. ಒಂದು ಸ್ಕ್ಯಾನ್ ಮಾಡಿಸಿದರು. ಆಮೇಲೆ 'ಹಾರ್ಟಲ್ಲಿ ಸಣ್ಣ ತೂತಿದೆ, ತಾನಾಗೇ ಮುಚ್ಚಿಕೊಳ್ಳುತ್ತೆ, ಹೆದರಬೇಡಿ' ಅಂದರು. ನಾವು ಹೆದರಲಿಲ್ಲ. ದೊಡ್ಡೋರು ಹೆದರಬೇಡಿ ಅಂದ ಮೇಲೆ ಇನ್ನೇನು, ಅಲ್ವಾ? ಚೀಟಿಯಲ್ಲಿ ಕೆಮ್ಮಿನ ಸಿರಪ್ಪಿತ್ತು, ಮೂಗಿನ ಡ್ರಾಪ್ಸಿತ್ತು. ತೂತಿನ ಬಗ್ಗೆ ಒಂದಕ್ಷರ ಇರಲಿಲ್ಲ. ಮತ್ತೆ ಯಾವಾಗ ತೋರಿಸಬೇಕು ಅಂತಲೂ ಇರಲಿಲ್ಲ. ದಿನಾ ಬೆಳಗಾದರೆ 'ದಿನಾಂಕ ಹಾಕಿಲ್ಲ, ಸಹಿ ಇಲ್ಲ, ಈ ಅರ್ಜಿ ನಡೆಯಲ್ಲ' ಅಂತ ಬೇರೆಯವರಿಗೆ ಹೇಳೋನು ನಾನು. ನನ್ನ ಮಗಳ ಚೀಟಿ ಸುಮ್ನೆ ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ಅತ್ತೆಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 'ಹೆಣ್ಣು ಮಗು, ನಾಳೆ ಗಂಡು ನೋಡೋಕೆ ಬರೋರಿಗೆ ಗೊತ್ತಾದರೆ ಏನು ಗತಿ, ಯಾರ ಹತ್ರಾನೂ ಬಾಯಿ ಬಿಡಬೇಡಿ' ಅಂತ ಅಪ್ಪಣೆ ಮಾಡಿದರು. ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡ್ತೀನಿ ಅಂತ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತರು. ಹರಕೆಗೆ ನನ್ನ ತಕರಾರಿಲ್ಲ, ನಾನೂ ಹೋಗಿ ಸುಟ್ಟು ಬಂದಿದ್ದೇನೆ. ಬಾಯಿ ಮುಚ್ಚಿಕೊಂಡದ್ದಕ್ಕೆ ಮಾತ್ರ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತೆ.

ಅವಳು ಬೆಳೆದಳು. ಸಣ್ಣಗಿದ್ದಳು. ಮಳೆಗಾಲ ಬಂದರೆ ಕಫ, ಚಳಿಗಾಲ ಬಂದರೆ ಕಫ. ಎರಡನೇ ಕ್ಲಾಸಿನಲ್ಲಿ ಶಾಲೆಯಿಂದ ಕೋಟೆಗೆ ಕರೆದುಕೊಂಡು ಹೋಗಿದ್ದರು. ದುರ್ಗದ ಮಕ್ಕಳಿಗೆ ಕೋಟೆ ಅಂದರೆ ಮನೆ ಹಿತ್ತಲಿದ್ದ ಹಾಗೆ. ಇವಳು ಏಕನಾಥೇಶ್ವರಿ ಗುಡಿ ಮುಟ್ಟೋ ಮುಂಚೆಯೇ ಬಂಡೆ ಮೇಲೆ ಕೂತುಬಿಟ್ಟಳಂತೆ. ಟೀಚರು ಫೋನ್ ಮಾಡಿ 'ನಿಮ್ಮ ಮಗಳು ಭಾರಿ ಸೋಮಾರಿ ಕಣ್ರೀ' ಅಂತ ನಕ್ಕರು. ನಾವೂ ನಕ್ಕೆವು.

ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಆರ್‌ಬಿಎಸ್‌ಕೆ ತಂಡ ಬಂತು. ಓದುವವರಿಗೆ ಹೇಳುತ್ತೇನೆ, ಇದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾದದ್ದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಡಾಕ್ಟರ ತಂಡ ಬಂದು 18 ವರ್ಷದವರೆಗಿನ ಮಕ್ಕಳನ್ನೆಲ್ಲ ನೋಡಬೇಕು. ಹುಟ್ಟಿನಿಂದ ಬಂದ ಹೃದಯದ ಕಾಯಿಲೆಯೂ ಅವರ ಪಟ್ಟಿಯಲ್ಲಿದೆ. ನಾನು ಮುಂಚೆ ಈ ತಂಡದ ಬಗ್ಗೆ ಬಹಳ ಹಗುರವಾಗಿ ಮಾತಾಡಿದವನು. ಜೀಪಲ್ಲಿ ಬರ್ತಾರೆ, ಜಂತುಹುಳದ ಮಾತ್ರೆ ಕೊಡ್ತಾರೆ, ಹೋಗ್ತಾರೆ ಅಂತ. ಅವತ್ತು ಬಂದಿದ್ದವರು ಒಬ್ಬ ಆಯುರ್ವೇದದ ಡಾಕ್ಟರಮ್ಮ. ಮಗಳ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಕ್ಲಾಸಿನ ಫ್ಯಾನ್ ಆಫ್ ಮಾಡಿಸಿದರಂತೆ. ಗಲಾಟೆ ಮಾಡುತ್ತಿದ್ದ ಹುಡುಗರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರಂತೆ. ಮತ್ತೆ ಕೇಳಿದರಂತೆ. ಮಗಳು ಮನೆಗೆ ಬಂದು ಮೊದಲು ಹೇಳಿದ್ದೇ ಅದು, 'ಅಪ್ಪಾ, ನಂಗೋಸ್ಕರ ಫ್ಯಾನ್ ಆಫ್ ಮಾಡಿದ್ರು.'

ಅವರು ಒಂದು ಕಾರ್ಡಿನಲ್ಲಿ ಬರೆದುಕೊಟ್ಟಿದ್ದರು. ಎದೆಯಲ್ಲಿ ಮರ್ಮರ್ (ಬಡಿತದ ಜೊತೆ ಇನ್ನೊಂದು ಸದ್ದು) ಇದೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ದಿನಾಂಕ, ಸಹಿ, ಕೆಳಗೆ ಫೋನ್ ನಂಬರ್. ಎಂಟು ವರ್ಷದಲ್ಲಿ ನನ್ನ ಮಗಳ ಹೃದಯದ ಬಗ್ಗೆ ಕಾಗದದ ಮೇಲೆ ಬಿದ್ದ ಮೊದಲ ಸಾಲು ಅದು.

ಎಕೋ ಮಾಡಿಸೋದೇ ಒಂದು ಯಾತ್ರೆ ಆಯಿತು. ಒಂದು ಕಡೆ ಮಷಿನ್ ಇತ್ತು, 'ದೊಡ್ಡೋರದು ನೋಡ್ತೀವಿ, ಮಕ್ಕಳದು ಇಲ್ಲಿ ಸರಿಯಾಗಿ ಗೊತ್ತಾಗಲ್ಲ' ಅಂದರು. ಅವರು ಹೇಳಿದ್ದು ತಪ್ಪಲ್ಲ ಅಂತ ಆಮೇಲೆ ತಿಳಿಯಿತು, ಮಕ್ಕಳ ಹೃದಯ ನೋಡೋದಕ್ಕೆ ಬೇರೆ ಕೈ, ಬೇರೆ ಕಣ್ಣು ಬೇಕು. ಇನ್ನೊಂದು ಕಡೆ ಎರಡು ವಾರ ಬಿಟ್ಟು ಬನ್ನಿ ಅಂದರು. ಮೂರನೇ ಕಡೆ ಆಯಿತು. ಅಂಗಡಿ ಮೂರು ದಿನ ಮುಚ್ಚಿತ್ತು, ಅಷ್ಟೇ ನನಗಾದ ನಷ್ಟ. ಮೊಳಕಾಲ್ಮೂರು ಕಡೆಯ ಹಳ್ಳಿಯಿಂದ ಶೇಂಗಾ ಹೊಲದ ಕಳೆ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ, ಚಿಕ್ಕ ಮಗು ಸೊಂಟದಲ್ಲಿಟ್ಟುಕೊಂಡು ಬರೋ ತಾಯಿ ಎರಡನೇ ಕಡೆಯೇ ಕೈಬಿಟ್ಟು ಊರಿಗೆ ವಾಪಸ್ ಹೋಗಿರುತ್ತಾಳೆ. ಅವಳ ಮೇಲೆ ತಪ್ಪು ಹೊರಿಸೋಕೆ ನನಗಂತೂ ಬಾಯಿ ಬರಲ್ಲ.

ರಿಪೋರ್ಟ್ ಬಂತು. ಎ.ಎಸ್.ಡಿ., ಅಂದರೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಹದಿನಾರು ಮಿಲಿಮೀಟರ್. ಹೃದಯದ ಬಲಗಡೆ ಕೋಣೆಗಳು ಹಿಗ್ಗಿವೆ.

ಇದೇನು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಬೆಂಗಳೂರಿನಲ್ಲಿ ಮಕ್ಕಳ ಹೃದಯದ ಡಾಕ್ಟರು ಎಕ್ಸ್‌ರೇ ಕವರಿನ ಹಿಂದೆ ಪೆನ್ನಲ್ಲಿ ಚಿತ್ರ ಬರೆದು ಹೇಳಿದ್ದು ಇದು. ಹೃದಯದಲ್ಲಿ ನಾಲ್ಕು ಕೋಣೆ. ಮೇಲಿನ ಎರಡು ಕೋಣೆಯ ನಡುವೆ ಒಂದು ಗೋಡೆ. ತಾಯಿ ಹೊಟ್ಟೆಯಲ್ಲಿ ಇರುವಾಗ ಎಲ್ಲರಿಗೂ, ನಿಮಗೂ ನನಗೂ, ಆ ಗೋಡೆಯಲ್ಲಿ ಒಂದು ಬಾಗಿಲು ಇರುತ್ತೆ. ಇರಲೇಬೇಕು. ಅಲ್ಲಿ ಮಗು ಉಸಿರಾಡಲ್ಲ, ಶ್ವಾಸಕೋಶಕ್ಕೆ ಕೆಲಸ ಇಲ್ಲ, ಹಾಗಾಗಿ ತಾಯಿಯಿಂದ ಬಂದ ರಕ್ತ ಆ ಬಾಗಿಲಿಂದ ನೇರ ಎಡಗಡೆಗೆ ದಾಟುತ್ತೆ. ಮಗು ಹುಟ್ಟಿ ಮೊದಲ ಸಲ ಅತ್ತಾಗ ಶ್ವಾಸಕೋಶ ಬಿಚ್ಚಿಕೊಳ್ಳುತ್ತೆ, ಎಡಗಡೆ ಒತ್ತಡ ಏರುತ್ತೆ, ಬಾಗಿಲು ಹಾಕಿಕೊಳ್ಳುತ್ತೆ. ನನ್ನ ಮಗಳಿಗೆ ಗೋಡೆಯೇ ಅಲ್ಲಿ ಪೂರ್ತಿ ಬೆಳೆದಿರಲಿಲ್ಲ. ಹಾಗಾಗಿ ಪ್ರತಿ ಬಡಿತಕ್ಕೂ ಎಡಗಡೆಯ ಶುದ್ಧ ರಕ್ತ ಒಂದಿಷ್ಟು ಬಲಗಡೆಗೆ ಸೋರುತ್ತಿತ್ತು, ಅದು ಮತ್ತೆ ಶ್ವಾಸಕೋಶಕ್ಕೆ, ಮತ್ತೆ ವಾಪಸ್. ಒಂದೇ ನೀರನ್ನು ಎರಡೆರಡು ಸಲ ಸೇದಿದ ಹಾಗೆ. ಬಲಗಡೆ ಹಿಗ್ಗಿದ್ದು ಅದಕ್ಕೇ. ಕೋಟೆ ಬಂಡೆ ಮೇಲೆ ಕೂತದ್ದೂ ಅದಕ್ಕೇ.

'ತಾನಾಗೇ ಮುಚ್ಚಿಕೊಳ್ಳುತ್ತೆ' ಅಂದ ಡಾಕ್ಟರು ಸುಳ್ಳು ಹೇಳಿದರಾ ಅಂತ ಕೇಳಿದೆ. ಇಲ್ಲವಂತೆ. ಐದು ಮಿಲಿಮೀಟರ್ ಒಳಗಿನ ತೂತುಗಳು ಮೊದಲ ಕೆಲವು ವರ್ಷದಲ್ಲಿ ಎಷ್ಟೋ ಸಲ ಮುಚ್ಚಿಕೊಳ್ಳುತ್ತವೆ. ಕೆಳಗಿನ ಕೋಣೆಗಳ ನಡುವೆ ಇರೋ ಸಣ್ಣ ತೂತುಗಳೂ ಅಷ್ಟೆ. ದೊಡ್ಡವು ಮುಚ್ಚಿಕೊಳ್ಳಲ್ಲ. ಯಾವುದು ಮುಚ್ಚಿತು, ಯಾವುದು ಮುಚ್ಚಲಿಲ್ಲ ಅಂತ ತಿಳಿಯೋಕೆ ಮತ್ತೆ ನೋಡಬೇಕು. ಅಂದರೆ ಆ ಮಾತು ಅರ್ಧ ಮಾತು. 'ಒಂದು ವರ್ಷ ಬಿಟ್ಟು ಮತ್ತೆ ಎಕೋ ಮಾಡಿಸಿ' ಅನ್ನೋದು ಉಳಿದರ್ಧ. ಆ ಉಳಿದರ್ಧ ಯಾರೂ ಹೇಳಲಿಲ್ಲ, ಹೇಳಿದ್ದರೂ ಬರೆಯಲಿಲ್ಲ. ಈ ಎ.ಎಸ್.ಡಿ. ಮಹಾ ಮೌನಿ ಬೇರೆ. ಮಗು ನೀಲಿಯಾಗಲ್ಲ, ಕುಸಿದು ಬೀಳಲ್ಲ. ಎಷ್ಟೋ ಜನಕ್ಕೆ ಮೂವತ್ತು ನಲವತ್ತು ವರ್ಷಕ್ಕೆ, ಕೆಲವು ಹೆಣ್ಣುಮಕ್ಕಳಿಗೆ ಬಸುರಿ ಆದಾಗ ಗೊತ್ತಾಗುತ್ತಂತೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲೇ ಇದು ಜಾಸ್ತಿ, ಹೆಚ್ಚುಕಮ್ಮಿ ಎರಡು ಪಟ್ಟು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗೋಕೆ ಆಗಲ್ಲ.

ಮಗಳ ವಿಷಯ ಗೊತ್ತಾಗೋ ಒಂದೆರಡು ವರ್ಷ ಮುಂಚೆ ನನ್ನ ಅಂಗಡಿಗೆ ಒಬ್ಬ ಹುಡುಗ ತಂಗಿಯನ್ನು ಕರೆದುಕೊಂಡು ಬಂದಿದ್ದ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ. ಆ ಹುಡುಗಿಗೆ ಇಪ್ಪತ್ತು ಇಪ್ಪತ್ತೆರಡು ಇರಬಹುದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು. ಬೆರಳ ತುದಿಗಳು ಉಬ್ಬಿ ಗುಂಡಗಾಗಿದ್ದವು. ಆಸ್ಪತ್ರೆ ಚೀಟಿ ನೋಡಿಕೊಂಡು ಅಕ್ಷರ ಅಕ್ಷರ ಕೂಡಿಸಿ ಟೈಪ್ ಮಾಡಿದೆ, 'ವಿ.ಎಸ್.ಡಿ. ವಿತ್ ಐಸೆನ್‌ಮೆಂಗರ್.' ಕೆಳಗೆ ಅಭ್ಯಾಸದಂತೆ 'ಶಸ್ತ್ರಚಿಕಿತ್ಸೆಗೆ ಧನಸಹಾಯ ಕೋರಿ' ಅಂತ ಹಾಕಿದೆ. ಆ ಹುಡುಗ ಸ್ಕ್ರೀನ್ ನೋಡಿ ಮೆಲ್ಲಗೆ ಹೇಳಿದ, 'ಅಣ್ಣಾ, ಆಪರೇಷನ್ ಅಂತ ಬ್ಯಾಡ. ಆಪರೇಷನ್ ಮಾಡಕ್ಕಾಗಲ್ಲ ಅಂದವ್ರೆ. ಮಾತ್ರೆಗೆ ಅಂತ ಬರಿ.' ನಾನು ಅಳಿಸಿ 'ಔಷಧೋಪಚಾರಕ್ಕೆ' ಅಂತ ಮಾಡಿದೆ. ಇಪ್ಪತ್ತು ರೂಪಾಯಿ ತಗೊಂಡೆ. ಮಾಡಕ್ಕಾಗಲ್ಲ ಅಂದರೆ ಏನು, ಯಾಕೆ ಅಂತ ಕೇಳಬೇಕು ಅಂತಲೂ ಅನ್ನಿಸಲಿಲ್ಲ.

ಬೆಂಗಳೂರಿನ ಡಾಕ್ಟರನ್ನು ನಾನು ಕೇಳಿದ್ದು ಅದನ್ನೇ. ಐಸೆನ್‌ಮೆಂಗರ್ ಅಂದರೆ ಏನು ಸಾರ್? ಅವರು ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದರು, ಈ ಮಾತು ಇವನಿಗೆ ಎಲ್ಲಿ ಸಿಕ್ಕಿತು ಅನ್ನೋ ಹಾಗೆ. ದೊಡ್ಡ ತೂತು ಮುಚ್ಚದೆ ಬಿಟ್ಟರೆ ಶ್ವಾಸಕೋಶದ ನಾಳಗಳ ಮೇಲೆ ವರ್ಷಗಟ್ಟಲೆ ಜಾಸ್ತಿ ರಕ್ತ, ಜಾಸ್ತಿ ಒತ್ತಡ. ಆ ನಾಳಗಳು ನಿಧಾನಕ್ಕೆ ಗಡುಸಾಗುತ್ತವೆ. ಒಂದು ದಿನ ಒತ್ತಡ ತಿರುಗುಮುರುಗಾಗಿ ಕೆಟ್ಟ ರಕ್ತ ಎಡಗಡೆಗೆ ಹರಿಯೋಕೆ ಶುರುವಾಗುತ್ತೆ, ಮೈ ನೀಲಿಗಟ್ಟುತ್ತೆ. ಆಗ ತೂತು ಮುಚ್ಚಿದರೆ ಅಪಾಯ, ಯಾಕೆಂದರೆ ಒತ್ತಡ ಹೊರಗೆ ಹೋಗೋಕೆ ಉಳಿದ ದಾರಿಯೇ ಆ ತೂತು. ಕೆಳಗಿನ ಕೋಣೆಗಳ ದೊಡ್ಡ ತೂತಿನಲ್ಲಿ (ಆ ಹುಡುಗಿಯ ವಿ.ಎಸ್.ಡಿ. ಅಂದರೆ ಇದೇ) ಇದು ಬೇಗ ಬರುತ್ತೆ, ಮೇಲಿನದರಲ್ಲಿ ತಡವಾಗಿ, ಎಲ್ಲರಿಗೂ ಬರಲ್ಲ ಅಂದರು. ಆ ಹುಡುಗಿಗೂ ನಾಲ್ಕು ತಿಂಗಳಿದ್ದಾಗ ಯಾರೋ 'ತಾನಾಗೇ ಮುಚ್ಚಿಕೊಳ್ಳುತ್ತೆ' ಅಂದಿದ್ದರಾ? ನನಗೆ ಗೊತ್ತಿಲ್ಲ. ಅವಳ ಅರ್ಜಿಯ ಫೈಲು ನನ್ನ ಕಂಪ್ಯೂಟರಿನಲ್ಲಿ ಇನ್ನೂ ಇದೆ. ಅಳಿಸೋಕೆ ಕೈ ಬರುತ್ತಿಲ್ಲ.

ನನ್ನ ಮಗಳದ್ದು ಆ ಮಟ್ಟಕ್ಕೆ ಹೋಗಿರಲಿಲ್ಲ. ಎದೆ ಸೀಳಬೇಕಾ ಅಂತ ನನ್ನ ಹೆಂಡತಿ ಕೇಳಿದಳು, ಕೇಳುತ್ತಲೇ ಅತ್ತಳು. ಡಾಕ್ಟರು ಡ್ರಾಯರಿನಿಂದ ಒಂದು ಸಾಮಾನು ತೆಗೆದು ಅವಳ ಅಂಗೈಯಲ್ಲಿಟ್ಟರು. ನೋಡೋಕೆ ಬುಡುಬುಡಿಕೆ ಹಾಗೆ. ಆಚೆ ಒಂದು ತಟ್ಟೆ, ಈಚೆ ಒಂದು ತಟ್ಟೆ, ನಡುವೆ ಗಿಡ್ಡ ಕುತ್ತಿಗೆ. ಟೀ ಸೋಸೋ ಜಾಲರಿಗಿಂತ ನವುರಾದ ತಂತಿ ಹೆಣಿಗೆ, ಒಳಗೆ ಬಿಳಿ ಬಟ್ಟೆ ಹೊಲಿದಿದ್ದಾರೆ. 'ಎಳೀರಮ್ಮ' ಅಂದರು. ಎರಡೂ ತುದಿ ಹಿಡಿದು ಎಳೆದರೆ ಉದ್ದಕ್ಕೆ ಕಡ್ಡಿ ಹಾಗಾಯಿತು. ಬಿಟ್ಟಳು. ಪಟ್ಟಂತ ಮತ್ತೆ ಬುಡುಬುಡಿಕೆ. ಅವಳು ಮೂರು ನಾಲ್ಕು ಸಲ ಎಳೆದು ಬಿಟ್ಟಳು. ಅಳು ನಿಂತಿತ್ತು.

ಆ ತಂತಿ ನಿಟಿನಾಲ್. ನಿಕ್ಕಲ್ಲು, ಟೈಟಾನಿಯಂ ಬೆರೆತದ್ದು. ಅಮೆರಿಕದ ನೌಕಾಪಡೆಯ ಒಂದು ಲ್ಯಾಬಿನಲ್ಲಿ 1960ರ ಆಸುಪಾಸಿನಲ್ಲಿ ಸಿಕ್ಕಿದ್ದು, ಹೆಸರಿನ ಕೊನೆಯ ತುಂಡು ಆ ಲ್ಯಾಬಿನದ್ದೇ. ಎಷ್ಟು ಮುದುರಿದರೂ ತನ್ನ ಆಕಾರ ಮರೆಯದ ಲೋಹ. ಅದರಲ್ಲಿ ನಿಕ್ಕಲ್ ಇರೋದಕ್ಕೇ ಡಾಕ್ಟರು ಮಗಳನ್ನು ಒಂದು ವಿಚಿತ್ರ ಪ್ರಶ್ನೆ ಕೇಳಿದರು, 'ಜಾತ್ರೆ ಓಲೆ ಹಾಕಿಕೊಂಡರೆ ಕಿವಿ ಕೆರೆಯುತ್ತಾ ಪುಟ್ಟಿ?' ಅಗ್ಗದ ಓಲೆಯಲ್ಲಿ ನಿಕ್ಕಲ್ ಇರುತ್ತೆ, ಅಲರ್ಜಿ ಇದ್ದರೆ ಮೊದಲೇ ತಿಳಿದಿರಬೇಕಂತೆ.

ಇದರಿಂದ ತೂತು ಮುಚ್ಚೋ ರೀತಿ ಹೀಗೆ. ತೊಡೆಸಂದಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ಒಂದು ಸಣ್ಣ ಟ್ಯೂಬ್ ಹಾಕುತ್ತಾರೆ. ಎಷ್ಟು ದಪ್ಪ ಅಂದರೆ ನಮ್ಮ ಅಂಗಡಿ ಬಾಲ್‌ಪೆನ್ ರೀಫಿಲ್ ಅಷ್ಟು, ಮೂರು ಮಿಲಿಮೀಟರ್. ಅದು ಹೊಟ್ಟೆಯ ದೊಡ್ಡ ನಾಳ ಹಿಡಿದು ಮೇಲೇರಿ ಹೃದಯದ ಬಲಗಡೆ ಕೋಣೆಗೆ ಹೋಗುತ್ತೆ, ತೂತಿನ ಮೂಲಕ ಎಡಗಡೆಗೆ ದಾಟುತ್ತೆ. ಆ ಬುಡುಬುಡಿಕೆ ಡಿವೈಸನ್ನು ಕಡ್ಡಿ ಹಾಗೆ ಎಳೆದು ಟ್ಯೂಬಿನೊಳಗೆ ತಳ್ಳುತ್ತಾರೆ. ಆಚೆ ಕೋಣೆಯಲ್ಲಿ ಮೊದಲ ತಟ್ಟೆ ಬಿಚ್ಚಿಕೊಳ್ಳುತ್ತೆ, ಅದನ್ನು ಹಿಂದಕ್ಕೆಳೆದು ಗೋಡೆಗೆ ಒತ್ತಿ ಕೂರಿಸುತ್ತಾರೆ. ಕುತ್ತಿಗೆ ತೂತಿನಲ್ಲಿ ಕೂರುತ್ತೆ, ಈಚೆ ತಟ್ಟೆ ಈಚೆ ಬಿಚ್ಚುತ್ತೆ. ಗೋಡೆ ನಡುವೆ ಸಿಕ್ಕಿಕೊಂಡಿತು. ಆಮೇಲೂ ಅದನ್ನು ತಳ್ಳಿದ ತಂತಿಯಿಂದ ಬಿಡಿಸಲ್ಲ. ಹಿಂದೆ ಮುಂದೆ ಅಲ್ಲಾಡಿಸಿ ನೋಡುತ್ತಾರೆ, ಎಕೋದಲ್ಲಿ ನೋಡುತ್ತಾರೆ. ಸರಿ ಕಾಣದಿದ್ದರೆ ಪೂರ್ತಿ ವಾಪಸ್ ಎಳೆದುಕೊಳ್ಳಬಹುದು. ಎಲ್ಲ ಸರಿ ಅಂದ ಮೇಲೆ ಸ್ಕ್ರೂ ಬಿಚ್ಚಿದ ಹಾಗೆ ತಿರುಗಿಸಿ ಬಿಡಿಸುತ್ತಾರೆ. ಎದೆಗೆ ಕತ್ತಿ ಇಲ್ಲ, ಹೃದಯ ನಿಲ್ಲಿಸೋದಿಲ್ಲ, ಬೈಪಾಸ್ ಮಷಿನ್ ಇಲ್ಲ. ಮೂರರಿಂದ ಆರು ತಿಂಗಳಲ್ಲಿ ದೇಹವೇ ಅದರ ಮೇಲೆ ತನ್ನ ಪದರ ಬೆಳೆಸಿ ಗೋಡೆ ಮಾಡಿಕೊಳ್ಳುತ್ತೆ.

ಸಹಿ ಹಾಕೋ ಮುಂಚೆ ಒಪ್ಪಿಗೆ ಪತ್ರ ಪೂರ್ತಿ ಓದಿದೆ. ನನ್ನ ಕಸುಬೇ ಅದು. ಇಂಗ್ಲಿಷಿನಲ್ಲಿತ್ತು, ಪಕ್ಕದಲ್ಲಿದ್ದ ಇಬ್ಬರಿಗೆ ಕನ್ನಡದಲ್ಲಿ ಓದಿ ಹೇಳಿದೆ. (ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸೋಕೆ ಯಾವ ಬಜೆಟ್ಟು ಬೇಕು?) ಡಿವೈಸ್ ಜಾಗ ಬಿಟ್ಟು ಜಾರಬಹುದು, ಆಗ ಹಿಡಿದು ತೆಗೆಯಬೇಕು, ಇಲ್ಲವೇ ಆಪರೇಷನ್. ಬಡಿತ ಏರುಪೇರಾಗಬಹುದು. ಬಹಳ ಅಪರೂಪಕ್ಕೆ ಗೋಡೆ ಉಜ್ಜಿ ಸವೆಯಬಹುದು. ಇದೆಲ್ಲ ಅಪರೂಪ, ಆದರೆ ಇಲ್ಲ ಅಂತಲ್ಲ. ಎಲ್ಲ ತೂತಿಗೂ ಇದು ಆಗಲ್ಲ ಅನ್ನೋದೂ ಗೊತ್ತಿರಲಿ. ತೂತಿನ ಸುತ್ತ ಡಿವೈಸ್ ಹಿಡಿದುಕೊಳ್ಳೋಕೆ ಅಂಚು ಬೇಕು, ಸುಮಾರು ಐದು ಮಿಲಿಮೀಟರ್. ಪಕ್ಕದ ಬೆಡ್ಡಿನ ಹೊಳಲ್ಕೆರೆ ಕಡೆಯ ಹುಡುಗನಿಗೆ ಕೆಳಗೆ ಅಂಚೇ ಇರಲಿಲ್ಲ, ಅವನಿಗೆ ಆಪರೇಷನ್ನೇ ಸರಿ ಅಂದರು. ಅವನ ಅಪ್ಪ 'ನಮಗೂ ಟ್ಯೂಬಲ್ಲೇ ಮಾಡಿ' ಅಂತ ಮೂರು ದಿನ ಡಾಕ್ಟರ ಹಿಂದೆ ಸುತ್ತಿದರು. ಹಟ ಮಾಡಿ ಗೆಲ್ಲೋ ವಿಷಯ ಅಲ್ಲ ಅದು. ಹುಡುಗನ ಆಪರೇಷನ್ ಚೆನ್ನಾಗಿ ಆಯಿತು.

ಮಗಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಕ್ಯಾಥ್‌ಲ್ಯಾಬ್ (ಈ ಟ್ಯೂಬ್ ಹಾಕೋ ಕೋಣೆ) ಹೊರಗೆ ಕೂತು ಫೋನಿನಲ್ಲಿ ಓದುತ್ತಿದ್ದೆ, ಇನ್ನೇನು ಮಾಡೋದು. 1929ರಲ್ಲಿ ಜರ್ಮನಿಯಲ್ಲಿ ವೆರ್ನರ್ ಫೋರ್ಸ್‌ಮನ್ ಅಂತ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ತನ್ನ ತೋಳಿನ ನಾಳಕ್ಕೆ ತಾನೇ ಟ್ಯೂಬ್ ತೂರಿಸಿಕೊಂಡು, ಅದು ಹೃದಯ ಮುಟ್ಟಿದ್ದನ್ನು ತೋರಿಸೋಕೆ ತಾನೇ ಎಕ್ಸ್‌ರೇ ಕೋಣೆಗೆ ನಡೆದುಕೊಂಡು ಹೋಗಿದ್ದನಂತೆ. ಆಗ ಬೈದರು, 1956ರಲ್ಲಿ ನೊಬೆಲ್ ಕೊಟ್ಟರು. ಎ.ಎಸ್.ಡಿ. ತೂತನ್ನು ಆಪರೇಷನ್ ಇಲ್ಲದೆ ಮೊದಲು ಮುಚ್ಚಿದ್ದು 1975ರಲ್ಲಿ, ಅಮೆರಿಕದಲ್ಲಿ, ಕಿಂಗ್ ಮತ್ತು ಮಿಲ್ಸ್ ಅನ್ನೋ ಇಬ್ಬರು. ಈ ಬುಡುಬುಡಿಕೆ ಆಕಾರ ಕರ್ಟ್ ಆಂಪ್ಲಾಟ್ಜ್ ಅವರದ್ದು, ಅದಕ್ಕೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 2001ರಲ್ಲಿ. ನನಗಿಂತ ಚಿಕ್ಕ ವಿದ್ಯೆ ಇದು ಅನ್ನಿಸಿ ಸ್ವಲ್ಪ ಭಯ ಆಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಒಂದು ಗಂಟೆ ಚಿಲ್ಲರೆ ಆಗಿತ್ತು. ಹದಿನೆಂಟು ಮಿಲಿಮೀಟರ್ ಡಿವೈಸ್ ಕೂತಿದೆ ಅಂದರು.

ಎಚ್ಚರ ಆದ ಮೇಲೆ ಅವಳು ಕೇಳಿದ್ದು ಮಂಡಕ್ಕಿ ಒಗ್ಗರಣೆ. ಸಿಕ್ಕಿದ್ದು ಇಡ್ಲಿ. ತೊಡೆಯಲ್ಲಿ ಒಂದು ಸಣ್ಣ ಪ್ಲಾಸ್ಟರು. ಮಾರನೇ ದಿನ ಎಕೋ ಮಾಡಿ, ಅದರ ಮಾರನೇ ದಿನ ಮನೆಗೆ ಕಳಿಸಿದರು. ಆರು ತಿಂಗಳು ಆಸ್ಪಿರಿನ್, ಅಷ್ಟು ದಿನ ಹಲ್ಲು ಕೀಳಿಸಬೇಕಾದರೆ ಮುಂಚೆ ಕೇಳಬೇಕು, ಕೆಲವು ವಾರ ಬಿದ್ದು ಎದ್ದು ಆಡೋ ಆಟ ಬೇಡ. ಬಸ್‌ಸ್ಟ್ಯಾಂಡಿನ ಮೆಟಲ್ ಡಿಟೆಕ್ಟರ್ ಹತ್ರ ಅತ್ತೆ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದರು. ಏನೂ ಆಗಲ್ಲ ಅಂತ ನಾನು ಮೊಬೈಲಿಟ್ಟು, ಮಿಕ್ಸಿ ಮುಂದೆ ನಿಲ್ಲಿಸಿ, ಎಲ್ಲ ತೋರಿಸಿ ಹೇಳಬೇಕಾಯಿತು.

ದುಡ್ಡಿನ ವಿಷಯ. ನಮ್ಮದು ಬಿಪಿಎಲ್ ಕಾರ್ಡು, ನಮಗೆ ಆಸ್ಪತ್ರೆ ಖರ್ಚು ಆಗಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಆದರೆ ಎಮರ್ಜೆನ್ಸಿ ಅಲ್ಲದ ಇಂಥ ಕೆಲಸಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನನ್ನ ಅಂಗಡಿಗೆ ಬರೋ ಹತ್ತು ಜನರಲ್ಲಿ ಎಂಟು ಜನಕ್ಕೆ ಇದು ಗೊತ್ತಿಲ್ಲ. ಮೊದಲೇ ಸಾಲ ಮಾಡಿ ಕಟ್ಟಿ, ಆಮೇಲೆ ಬಿಲ್ ಹಿಡಿದುಕೊಂಡು 'ವಾಪಸ್ ಬರೋ ಹಾಗೆ ಒಂದು ಅರ್ಜಿ ಬರಿ' ಅಂತ ಬರುತ್ತಾರೆ. ಬರೆಯುತ್ತೇನೆ. ಬರಲ್ಲ ಅಂತ ಗೊತ್ತಿದ್ದೂ ಬರೆಯುತ್ತೇನೆ. ಓದುತ್ತಿರೋ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ದಯವಿಟ್ಟು ಮೊದಲು ರೆಫರಲ್ ತಗೊಳ್ಳಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಕೂತಿರುತ್ತಾರೆ, ಅವರನ್ನು ಹುಡುಕಿ.

ಈಗ ಅರ್ಜಿಗೆ ಬರುತ್ತೇನೆ. ನಮ್ಮ ಜಿಲ್ಲೆಗೆ ಕ್ಯಾಥ್‌ಲ್ಯಾಬ್ ಕಟ್ಟಿಸಿಕೊಡಿ, ಮಕ್ಕಳ ಹೃದಯದ ಆಸ್ಪತ್ರೆ ತನ್ನಿ ಅಂತ ನಾನು ಕೇಳುತ್ತಿಲ್ಲ. ಅದನ್ನು ವೇದಿಕೆ ಮೇಲೆ ಕೇಳೋರು ಇದ್ದಾರೆ, ಶಂಕುಸ್ಥಾಪನೆ ಕಲ್ಲು ಕೂಡ ಬರಬಹುದು. ಮುಚ್ಚೋ ಕೆಲಸಕ್ಕೆ ಬೆಂಗಳೂರಿಗೆ ಒಂದು ಸಲ ಹೋಗಿ ಬರಬಹುದು, ಇನ್ನೂರು ಕಿಲೋಮೀಟರ್, ಹೈವೇ ಚೆನ್ನಾಗಿದೆ. ಕಷ್ಟ ಇರೋದು ಅದಕ್ಕೆ ಮುಂಚೆ, ಗೊತ್ತಾಗೋದರಲ್ಲಿ, ಗೊತ್ತಾದ ಮೇಲೆ ಮರೆತುಹೋಗದೆ ಇರೋದರಲ್ಲಿ. ಸಾವಿರ ಮಕ್ಕಳು ಹುಟ್ಟಿದರೆ ಎಂಟೊಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತೆ. ದೇಶದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಜಾಸ್ತಿ ಅಂತ ಅಂದಾಜು, ಅದರಲ್ಲಿ ಐದರಲ್ಲಿ ಒಂದು ಪಾಲಿಗೆ ಮೊದಲ ವರ್ಷವೇ ಚಿಕಿತ್ಸೆ ಬೇಕು. ಉಳಿದ ನಾಲ್ಕು ಪಾಲು ನನ್ನ ಮಗಳ ಥರದವರು. 'ನೋಡೋಣ' ಅನ್ನಿಸಿಕೊಂಡವರು.

ಒಂದು, ತಿಂಗಳಿಗೊಂದು ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಎಕೋ ದಿನ ಮಾಡಿ. ಎರಡನೇ ಶನಿವಾರವೋ, ಮೂರನೇ ಬುಧವಾರವೋ, ಯಾವುದೋ ಒಂದು, ಆದರೆ ಬದಲಾಗಬಾರದು. ಮಕ್ಕಳ ಎಕೋ ಬಲ್ಲವರನ್ನು ದೊಡ್ಡ ಆಸ್ಪತ್ರೆಯಿಂದ ಒಂದು ದಿನಕ್ಕೆ ಕರೆಸಿ. ಚಿತ್ರದುರ್ಗ ಒಂದು ತಿಂಗಳು, ದಾವಣಗೆರೆ ಒಂದು ತಿಂಗಳು ಅಂತ ಹಂಚಿಕೊಂಡರೂ ಸರಿ. ಜಗಳೂರಿನವರಿಗೆ ಎರಡೂ ಒಂದೇ ದೂರ ಅನ್ನೋ ಹಾಗೆ. ಆರ್‌ಬಿಎಸ್‌ಕೆ ಡಾಕ್ಟರು ಕಳಿಸಿದ ಮಕ್ಕಳಿಗೆ ಅವತ್ತು ಮೊದಲ ಸರದಿ ಕೊಡಿ.

ಇನ್ನೊಂದು, ಇದೇ ನನಗೆ ಮುಖ್ಯ. ಯಾವುದೇ ಆಸ್ಪತ್ರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಮಗುವಿನ ಹೃದಯದಲ್ಲಿ ತೂತಿದೆ ಅಂತ ಬಾಯಲ್ಲಿ ಹೇಳಿದರೆ ಅದನ್ನು ಕಾಗದದಲ್ಲಿ ಬರೆಯಲೇಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಯಾವ ತೂತು, ಎಷ್ಟು ಮಿಲಿಮೀಟರ್, ಮತ್ತೆ ಎಕೋ ಮಾಡಿಸಬೇಕಾದ ದಿನಾಂಕ. ಮೂರೇ ಸಾಲು. ಒಂದು ಪ್ರತಿ ತಾಯಿ ಕಾರ್ಡಿನೊಳಗೆ, ಒಂದು ಆ ಊರಿನ ಆಶಾ ಕಾರ್ಯಕರ್ತೆ ಹತ್ರ. ಲಸಿಕೆ ದಿನ ತಪ್ಪಿದರೆ ಆಶಾ ಅಕ್ಕ ಮನೆ ಬಾಗಿಲಿಗೆ ಬಂದು ಬೈಯುತ್ತಾರಲ್ಲ, ಎಕೋ ದಿನ ತಪ್ಪಿದರೂ ಹಾಗೇ ಬೈಯಲಿ. ಅವರಿಗೆ ಇದಕ್ಕೊಂದಿಷ್ಟು ದುಡ್ಡು ಜಾಸ್ತಿ ಕೊಡಿ, ಬರೀ ಕೆಲಸ ಹೇರಬೇಡಿ.

ಆ ಫ್ಯಾನ್ ಆಫ್ ಮಾಡಿಸಿದ ಡಾಕ್ಟರಮ್ಮನ ಹೆಸರು ಇಲ್ಲಿ ಹಾಕೋಲ್ಲ, ಅವರಿಗೆ ಇಷ್ಟ ಆಗಲಿಕ್ಕಿಲ್ಲ. ಆದರೆ ನಿಮ್ಮ ಫೈಲಿನಲ್ಲಿ ಹುಡುಕಿದರೆ ಸಿಗುತ್ತಾರೆ. ಕಾರ್ಡಿನಲ್ಲಿ ಅವರ ಸಹಿ ಇದೆ.

ಮೂರು ಸಾಲಿನ ಆ ನಮೂನೆ ನಾನೇ ಮಾಡಿಟ್ಟಿದ್ದೇನೆ. ಎ-ಫೋರ್ ಹಾಳೆಯಲ್ಲಿ ಎರಡು ಬರುತ್ತೆ, ನಡುವೆ ಹರಿದರೆ ಅರ್ಧರ್ಧ. ಮೇಲೆ ಮಗುವಿನ ಹೆಸರು, ತಾಯಿ ಹೆಸರು, ಊರು. ಕೆಳಗೆ ಡಾಕ್ಟರ ಸಹಿಗೆ ಜಾಗ ಸ್ವಲ್ಪ ದೊಡ್ಡದೇ ಬಿಟ್ಟಿದ್ದೇನೆ, ಅವರ ಸಹಿ ದೊಡ್ಡದಿರುತ್ತೆ. ದಿನಾಂಕದ ಚೌಕ ದಪ್ಪ ಗೆರೆಯಲ್ಲಿದೆ. ಯಾವ ಆಫೀಸಿನವರು ಬಂದರೂ ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ, ದುಡ್ಡು ಬೇಡ. ಭಾನುವಾರ ಬಿಟ್ಟು ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅಂಗಡಿ ತೆಗೆದಿರುತ್ತೆ. ಮುಂದಿನ ತಿಂಗಳು 14ನೇ ತಾರೀಖು ಮಾತ್ರ ಇರಲ್ಲ, ಮಗಳ ಒಂದು ವರ್ಷದ ಎಕೋ ಇದೆ.

ಇಂತಿ,
ಒಬ್ಬ ಅರ್ಜಿ ಬರೆಯುವವನು
ಚಿತ್ರದುರ್ಗ